ಧಾರವಾಡದ ಬಾಗಿಲು, ನಮ್ಮ ಕಾಲೇಜಿನ ಮೆಟ್ಟಿಲು

1856ರ ಜೂನ್‌ನಲ್ಲಿ ಮಹಾರರ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಿದ. ಮುಂಬಯಿ ಸರಕಾರ ಏನಂದಿತು? ನ್ಯಾಯ ಹುಡುಗನ ಕಡೆಗೇ ಇದೆ. ಆದರೆ ಇವನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಹೇಗೆ? 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಶಾಲೆ ಎಲ್ಲ ವರ್ಗಗಳಿಗೂ ತೆರೆದದ್ದು ಎಂದು ಬರೆದರು. ಕಾಗದದ ಬಾಗಿಲು ತೆರೆಯಿತು, ಊರಿನದು ತೆರೀಲಿಲ್ಲ.

‘ಒಬ್ಬರ ಸಲುವಾಗಿ ಎಲ್ಲಾರಿಗೂ ಯಾಕ ತ್ರಾಸು?’ ಈ ಮಾತು ಇನ್ನೂ ಸತ್ತಿಲ್ಲ. ಕಣ್ಣು ಕಾಣದ ಹುಡುಗಿ ಪರೀಕ್ಷೆ ಬರೆದುಕೊಡುವವರನ್ನು ಕೇಳಿದರೆ, ನಡೆಯಲಾರದ ಹುಡುಗ ತರಗತಿಯನ್ನು ಕೆಳಗೆ ತನ್ನಿರಿ ಅಂದರೆ ಇದೇ ಮಾತು ಏಳುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ದೊಡ್ಡ ಕೆಲಸ ಅದು. ಆದರೆ ಅದು ಭಕ್ತರ ದಾನದಿಂದ ನಡೆದದ್ದು. ಕಾಲೇಜು ನಡೆಯಬೇಕಾದದ್ದು ಹಕ್ಕಿನಿಂದ.

ಆ ಹಕ್ಕು ಬರೆದಿಟ್ಟದ್ದಿದೆ. 1995ರ ಕಾಯಿದೆ ಸರಕಾರಿ, ಅನುದಾನಿತ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಶೇ. 3 ಸೀಟು ಕೊಟ್ಟಿತು. 2016ರ ಕಾಯಿದೆ ಉನ್ನತ ಶಿಕ್ಷಣದಲ್ಲಿ ಅದನ್ನು ಶೇ. 5 ಮಾಡಿತು. ಅತಿಯಾದ ಹೊರೆಯಾಗದ ತಕ್ಕ ಅನುಕೂಲವನ್ನು ನಿರಾಕರಿಸುವುದೇ ತಾರತಮ್ಯ ಎಂದಿತು. 2018ರ ಮಾರ್ಗಸೂಚಿ ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಟ್ಟಿತು. ಅಂಗವಿಕಲತೆ ಶೇ. 40 ಮುಟ್ಟದವರಿಗೂ ಬರಹಗಾರರನ್ನು ನಿರಾಕರಿಸಬಾರದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ ತರಗತಿಯನ್ನು ಮಾಳಿಗೆಯಿಂದ ಕೆಳಗಿಳಿಸೋದು ಯಾವ ಹೊರೆ? ಉಳಿದವರ ಅಸಮಾಧಾನ ಹೊರೆಯಲ್ಲ. ಅದು 1856ರ ಹಳೇ ನೆಪ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗೆಳೆಯರೇ, ಪ್ರಾಚಾರ್ಯರ ಎದುರು ಕೈಮುಗಿದು ನಿಲ್ಲಬೇಡಿರಿ. ಅರ್ಜಿ ಬರೆಯಿರಿ, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿರಿ. ಧಾರವಾಡದ ಆ ಹುಡುಗನ ಸುದ್ದಿ ನಮಗೆ ಮುಟ್ಟಿದ್ದು ಅವನು ಅರ್ಜಿ ಬರೆದದ್ದರಿಂದಲೇ.