ಚಿತ್ರ ಒಂದೇ, ದನಿ ನಮ್ಮದು: ಸ್ಕ್ರೀನ್ ರೆಕಾರ್ಡಿಂಗ್ ಕಥೆ (ಭಾಗ 5)

ಪರೀಕ್ಷೆ ಹಿಂದಿನ ರಾತ್ರಿ ನಾವು ನೋಡೋ ಎಷ್ಟೋ ಪಾಠದ ವಿಡಿಯೋಗಳಲ್ಲಿ ಮೇಷ್ಟ್ರ ಮುಖಾನೇ ಇರಲ್ಲ. ಕಂಪ್ಯೂಟರ್ ಪರದೆ, ಓಡಾಡೋ ಮೌಸ್ ಬಾಣ, ಹಿಂದೆ ಒಂದು ದನಿ, ಅಷ್ಟೇ. ಈ ವಿಧಾನ ಎಲ್ಲಿಂದ ಬಂತು? ನಮ್ಮ ಊರಿಗಾಂಗೆ ಅದರಿಂದ ಏನು ಉಪಯೋಗ? ಓದಿ.

1. ಹುಟ್ಟು
ಪರದೆ ಮೇಲೆ ನಡೆಯೋದನ್ನ ಹಾಗೇ ಹಿಡಿದಿಡೋ ಸಾಫ್ಟ್‌ವೇರ್ 1990ರ ದಶಕದಲ್ಲೇ ಇತ್ತು. ಲೋಟಸ್ ಕಂಪನಿಯ ಸ್ಕ್ರೀನ್‌ಕ್ಯಾಮ್ ಅಂಥದ್ದೊಂದು. ‘ಸ್ಕ್ರೀನ್‌ಕಾಸ್ಟ್’ ಅನ್ನೋ ಹೆಸರು ಬಂದಿದ್ದು 2004ರಲ್ಲಿ. ಪತ್ರಕರ್ತ ಜಾನ್ ಉಡೆಲ್ ತಮ್ಮ ಓದುಗರನ್ನೇ ಹೆಸರು ಸೂಚಿಸಿ ಅಂತ ಕೇಳಿದ್ದರು. 2006ರಲ್ಲಿ ಸಲ್ಮಾನ್ ಖಾನ್ (ನಟ ಅಲ್ಲ!) ಯೂಟ್ಯೂಬ್‌ಗೆ ಪಾಠಗಳನ್ನು ಹಾಕತೊಡಗಿದರು. ಕಪ್ಪು ಪರದೆ, ಬಣ್ಣದ ಬರಹ, ಒಂದು ದನಿ. ಅದೇ ಬೆಳೆದು ಖಾನ್ ಅಕಾಡೆಮಿ ಆಯ್ತು.

2. ದನಿ ಬದಲಾದಾಗ
ಇವೆಲ್ಲ ಶುರುವಲ್ಲಿ ಇಂಗ್ಲಿಷ್ ಪಾಠಗಳು. ದಾರಿ ಬದಲಿಸಿದ್ದು ಐಐಟಿ ಬಾಂಬೆಯ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ‘ಸ್ಪೋಕನ್ ಟ್ಯುಟೋರಿಯಲ್’. ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಯೋಜನೆ ಇದು. ಲಿನಕ್ಸ್, ಲಿಬ್ರೆಆಫೀಸ್, ಪೈಥಾನ್ ಥರದ ಸಾಫ್ಟ್‌ವೇರ್‌ಗಳ ಬಗ್ಗೆ ಸುಮಾರು 10 ನಿಮಿಷದ ಪಾಠಗಳು. ಪರದೆ ಇಂಗ್ಲಿಷ್‌ನಲ್ಲೇ ಇರುತ್ತೆ, ಯಾಕಂದ್ರೆ ಕೆಲಸಕ್ಕೆ ಹೋದಾಗ ಎದುರಾಗೋದು ಅದೇ. ವಿವರಣೆ ಮಾತ್ರ ಕನ್ನಡ, ತಮಿಳು, ತೆಲುಗು ಹೀಗೆ ಭಾರತದ ಭಾಷೆಗಳಲ್ಲಿ. ಚಿತ್ರ ಮತ್ತೆ ತೆಗೆಯಬೇಕಿಲ್ಲ, ದನಿ ಬದಲಿಸಿದರೆ ಸಾಕು. ಅರ್ಧ ಪರದೆಯಲ್ಲಿ ವಿಡಿಯೋ, ಇನ್ನರ್ಧದಲ್ಲಿ ಸಾಫ್ಟ್‌ವೇರ್. ನಿಲ್ಲಿಸಿ, ಮಾಡಿ, ಮುಂದೆ ಹೋಗಿ.

3. ಊರಿಗಾಂ ಲೆಕ್ಕ
28 ಫೆಬ್ರವರಿ 2001ಕ್ಕೆ ಚಿನ್ನದ ಗಣಿ ಮುಚ್ಚಿತು. ತಾತ ಗಣಿಗೆ ಇಳಿದ ಮನೆಗಳಿಂದ ಈಗ ಬೆಳಿಗ್ಗೆ ಎದ್ದು ಬೆಂಗಳೂರು ರೈಲು ಹತ್ತುತ್ತಾರೆ: ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆ. ಅಲ್ಲಿ ಕೆಲಸ ಸಿಗಬೇಕಂದ್ರೆ ಕಂಪ್ಯೂಟರ್ ಬರಬೇಕು. ಆದರೆ ನಮ್ಮ ಒಂದೇ ಬೆಂಚಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಮಾತಾಡೋ ಮನೆಯವರು ಕೂರ್ತೀವಿ. ಲ್ಯಾಬ್‌ನಲ್ಲಿ ‘ಅರ್ಥ ಆಗ್ಲಿಲ್ಲ’ ಅನ್ನೋದು ಎಷ್ಟೋ ಸಲ ವಿಷಯದ ಕಷ್ಟ ಅಲ್ಲ, ಭಾಷೆಯ ಕಷ್ಟ. ಒಮ್ಮೆ ಹೇಳಿದ್ದು ಸಿಗದಿದ್ರೆ ಮತ್ತೆ ಕೇಳೋಕೆ ನಾಚಿಕೆ. ವಿಡಿಯೋ ಮುಂದೆ ನಾಚಿಕೆ ಇಲ್ಲ, ಹತ್ತು ಸಲ ಹಿಂದಕ್ಕೆ ಎಳೀಬಹುದು. ಮೊದಲೇ ಡೌನ್‌ಲೋಡ್ ಮಾಡ್ಕೊಂಡ್ರೆ ರೈಲಲ್ಲೂ ನೋಡಬಹುದು.

4. ಈಗ ನಮ್ಮ ಕೈಲಿ
2017ರ ಐಒಎಸ್ 11, 2020ರ ಆಂಡ್ರಾಯ್ಡ್ 11 ಬಂದ ಮೇಲೆ ರೆಕಾರ್ಡರ್ ಫೋನ್ ಒಳಗೇ ಸೇರಿತು. ಕಂಪ್ಯೂಟರ್‌ಗೆ ಉಚಿತ ಒಬಿಎಸ್ ಸ್ಟುಡಿಯೋ ಇದೆ. ಸ್ಪೋಕನ್ ಟ್ಯುಟೋರಿಯಲ್ ನೋಡಿ ಕಲಿಯಬೇಕಾದ್ದು ಅದರ ಶಿಸ್ತು:
• ಮೊದಲು ಮಾತನ್ನು ಬರೆದಿಟ್ಟುಕೊಳ್ಳಿ.
• ಆ ಬರಹ ಹಿಡಿದು, ವಿಷಯ ಗೊತ್ತಿಲ್ಲದ ಒಬ್ಬರು ತಾವೇ ಮಾಡಿ ನೋಡಲಿ. ಅವರು ತಡವರಿಸಿದ ಕಡೆ ತಿದ್ದಿ.
• ಆಮೇಲೆ ರೆಕಾರ್ಡ್ ಮಾಡಿ. ನೋಟಿಫಿಕೇಶನ್ ಆಫ್, ಅಕ್ಷರ ದೊಡ್ಡದು.
• ದನಿ ಬೇರೆಯಾಗಿ ಸೇರಿಸಿ. ನಾಳೆ ಪಕ್ಕದ ಬೆಂಚಿನ ಗೆಳತಿ ಅದೇ ಚಿತ್ರಕ್ಕೆ ತಮಿಳಲ್ಲಿ ಹೇಳಬಹುದು.

ಪಾಠ ಹೇಳೋಕೆ ಸ್ಟುಡಿಯೋ ಬೇಡ, ಮುಖ ತೋರಿಸೋ ಧೈರ್ಯಾನೂ ಬೇಡ. ನಿಮಗೆ ಚೆನ್ನಾಗಿ ಬರೋ ಒಂದೇ ಒಂದು ಲೆಕ್ಕ ಸಾಕು. ಈ ಭಾನುವಾರ, ನಿಮ್ಮ ಮನೆ ಮಾತಲ್ಲಿ ಶುರು ಮಾಡಿ.

#ಊರಿಗಾಂ #ಕೆಜಿಎಫ್ #ಬಂಗಾರಪೇಟೆ #ನಮ್ಮದನಿ