ಇರುವೆಗಳ ಉದರಲಕ್ಷಣ: ಪ್ರಭೇದನಿರ್ಣಯದಲ್ಲಿ ಅದರ ಬಲವೂ ಮಿತಿಯೂ

ಇರುವೆಗಳನ್ನು ಮೈಬಣ್ಣ, ಗಾತ್ರಗಳಿಂದ ವಿಂಗಡಿಸುವುದು ಲೋಕರೂಢಿ. ಕೆಂಪಗಿದ್ದು ಕಚ್ಚಿದರೆ ಕೆಂಜಿಗ, ಕರ್ರಗೆ ದಪ್ಪನಾಗಿದ್ದರೆ ಗೊದ್ದ. ವ್ಯವಹಾರಕ್ಕೆ ಇಷ್ಟು ಸಾಕು. ಆದರೆ ಒಂದೇ ಗೂಡಿನ ಗೊದ್ದಗಳಲ್ಲಿ ಕೆಲವು ಸಣ್ಣವಾಗಿಯೂ ಕೆಲವು ಭಾರಿ ತಲೆಯುಳ್ಳವಾಗಿಯೂ ಇರುವುದನ್ನು ಬಲ್ಲ ವರ್ಗೀಕರಣಕಾರನು ಇಂಥ ಚಿಹ್ನೆಗಳನ್ನು ನೆಚ್ಚಲಾರನು. ಅವನ ದೃಷ್ಟಿ ಮೊದಲು ಹರಿಯತಕ್ಕದ್ದು ನಡುವಿನ ಕಡೆಗೂ ಉದರದ ತುದಿಯ ಕಡೆಗೂ. ಉದರವೆಂದರೆ ಹಿಂದೆ ಕಾಣುವ ಗೋಳವಷ್ಟೇ ಅಲ್ಲ: ಅದರ ಪ್ರಥಮ ಖಂಡವು ಎದೆಯೊಡನೆ ಬೆಸೆದುಹೋಗಿದೆ, ದ್ವಿತೀಯವು ನಡುವಿನ ಗಂಟಾಗಿದೆ, ಕೆಲವು ಕುಲಗಳಲ್ಲಿ ತೃತೀಯವೂ ಕಿರಿದಾಗಿ ಎರಡನೆಯ ಗಂಟೆನಿಸಿದೆ, ಉಳಿದವು ಸೇರಿ ಉದರಗೋಳವಾಗುವುದು.

ಎರಡು ಗಂಟುಗಳಿದ್ದ ಮಾತ್ರಕ್ಕೆ ಇರುವೆಯು ಮಿರ್ಮಿಸಿನೀ ಉಪಕುಟುಂಬದ್ದೆಂದು ತೀರ್ಮಾನಿಸಲಾಗದು. ಜೆರ್ಡನ್ 1851ರಲ್ಲಿ ವರ್ಣಿಸಿದ, ಕೆಂಪು ಎದೆಯ, ಕಪ್ಪು ಉದರದ ಟೆಟ್ರಾಪೊನೆರಾ ರೂಫೋನೈಗ್ರಾವನ್ನು ಬಿಂಗ್‌ಹ್ಯಾಮ್ 1903ರ ತನ್ನ ಗ್ರಂಥದಲ್ಲಿ ಆ ಗುಂಪಿಗೇ ಸೇರಿಸಿದ್ದನು. ಇಂದು ಅದು ಬೇರೊಂದು ಉಪಕುಟುಂಬದಲ್ಲಿದೆ. ಒಂಟಿ ಗಂಟಿನವುಗಳಲ್ಲಿ ತುದಿಯೇ ಪ್ರಮಾಣ. ಗೊದ್ದ, ಚಗಳಿಗಳಲ್ಲಿ ಉದರಾಗ್ರದ ರಂಧ್ರವು ವರ್ತುಲಾಕಾರವಾಗಿದ್ದು, ಅನೇಕ ವೇಳೆ ಕೂದಲಿನ ಅಂಚಿನಿಂದ ಸುತ್ತುವರಿದಿರುತ್ತದೆ. ಫಾರ್ಮಿಕ್ ಆಮ್ಲವು ಚಿಮ್ಮುವುದು ಅಲ್ಲಿಂದಲೇ. ಡೋಲಿಕೋಡರಿನೀ ಗುಂಪಿನಲ್ಲಿ ಅದು ಅಡ್ಡಲಾದ ಸೀಳು. ಪೋನೆರಿನೀಗಳಿಗೆ ಕೊಂಡಿಯುಂಟು, ಬಹುಮಟ್ಟಿಗೆ ಗೋಳದ ಮೊದಲ ಖಂಡದ ಹಿಂದೆ ಬಿಗಿದಂತೆ ಇಕ್ಕಟ್ಟೂ ಉಂಟು.

ಉದರವೊಂದರಿಂದಲೇ ಕುಲವು ನಿಶ್ಚಯವಾಗುವ ಪ್ರಸಂಗಗಳೂ ಇವೆ. ಕ್ರಿಮಟೋಗ್ಯಾಸ್ಟರ್‌ನಲ್ಲಿ ಎರಡನೆಯ ಗಂಟು ಗೋಳದ ಮುಂತುದಿಗಲ್ಲದೆ ಮೇಲ್ಮೈಗೆ ಜೋಡಿಸಿಕೊಂಡಿರುವುದರಿಂದ, ಕೆರಳಿದ ಇರುವೆಯು ಮೇಲೆ ಚಪ್ಪಟೆಯಾಗಿ ಕೆಳಗೆ ಉಬ್ಬಿದ ತನ್ನ ಹೃದಯಾಕಾರದ ಉದರವನ್ನು ತಲೆಯ ಮೇಲಕ್ಕೆ ಬಾಗಿಸಬಲ್ಲುದು. ಇದಕ್ಕಿಂತ ಸೂಕ್ಷ್ಮವಾದದ್ದು ಮನೆಯೊಳಗಣ ಎರಡು ಕಿರಿಯ ಇರುವೆಗಳ ಭೇದ. ಟಾಪಿನೋಮಾ ಮೆಲನೋಸೆಫಾಲಮ್, ಟೆಕ್ನೋಮಿರ್ಮೆಕ್ಸ್ ಅಲ್ಬಿಪೆಸ್ ಇವೆರಡರಲ್ಲಿಯೂ ನಡುವಿನ ಗಂಟು ಚಪ್ಪಟೆಯಾಗಿ, ಮುಂದೆ ಚಾಚಿದ ಗೋಳದಡಿಯಲ್ಲಿ ಅಡಗಿಹೋಗಿದೆ; ಮೊದಲಿನದರ ಉದರವು ತಿಳಿಬಣ್ಣದ್ದು, ಎರಡನೆಯದರದು ಕಪ್ಪು ಎಂಬ ಸುಲಭದ ಗುರುತು ಈ ಕುಲಗಳ ಇತರ ಪ್ರಭೇದಗಳಿಗೆ ಒದಗದು. ಮೇಲಿನಿಂದ ನೋಡಿ ಬೆನ್ನುಫಲಕಗಳನ್ನೆಣಿಸಿದರೆ ಟಾಪಿನೋಮಾದಲ್ಲಿ ನಾಲ್ಕು ಕಾಣುತ್ತವೆ, ಐದನೆಯದು ಕೆಳಕ್ಕೆ ಮಡಿಸಿಕೊಂಡಿದೆ. ಟೆಕ್ನೋಮಿರ್ಮೆಕ್ಸ್‌ನಲ್ಲಿ ಐದೂ ಕಾಣುತ್ತವೆ. ಬಣ್ಣದ ಭ್ರಾಂತಿಗೆ ಇದಕ್ಕಿಂತ ಸರಳವಾದ ಪ್ರತ್ಯುತ್ತರವನ್ನು ನಾನು ಕಾಣೆ.

ಆದರೆ ಕುಲದಿಂದ ಪ್ರಭೇದಕ್ಕೆ ಇಳಿದೊಡನೆ ಉದರದ ಆಕಾರವು ಪ್ರಾಯಶಃ ಮೌನವಾಗುತ್ತದೆ. ಹೊಟ್ಟೆತುಂಬ ಸಿಹಿರಸವನ್ನು ಹೀರಿ ಬಂದ ಗೊದ್ದದ ಉದರವು ಹಿಗ್ಗಿ, ಫಲಕಗಳ ಸಂದಿಯಲ್ಲಿ ತೆಳುಪೊರೆ ಹೊರಗಾಣುವುದರಿಂದ, ಇಲ್ಲದ ಬಿಳಿಪಟ್ಟೆಗಳು ಇರುವಂತೆ ತೋರುತ್ತವೆ. ಉದರದ ಉದ್ದಗಲಗಳನ್ನೇ ನಂಬಿದವನು ಹಸಿದ ಇರುವೆಯನ್ನೂ ಉಂಡ ಇರುವೆಯನ್ನೂ ಎರಡು ಪ್ರಭೇದಗಳೆಂದು ಬರೆದಾನು! ಇಲ್ಲಿ ಸಹಾಯಕ್ಕೆ ಬರುವುದು ಫಲಕದ ಮೇಲ್ಮೈ: ಕ್ಯಾಂಪೊನೋಟಸ್ ಸೆರಿಸಿಯಸ್‌ನ ಉದರವನ್ನು ದಟ್ಟವಾದ ಹೊಂಬಣ್ಣದ ನಯರೋಮವು ಮುಚ್ಚಿರುವುದು, ಕ್ಯಾಂಪೊನೋಟಸ್ ಕಂಪ್ರೆಸಸ್‌ನಲ್ಲಿ ಅಂಥ ಹೊದಿಕೆಯಿಲ್ಲ. ಈ ರೋಮವು ಮದ್ಯಸಾರದಲ್ಲಿ ನೆನೆದ ಮಾದರಿಯಲ್ಲಿ ಮಾಸುವುದು. ಮೃದುಕಾಯದ ಟಾಪಿನೋಮಾ ಒಣಗಿದರೆ ಮುದುಡಿ ಫಲಕಗಳ ಎಣಿಕೆ ಕಷ್ಟವಾಗುವುದು. ಆದ್ದರಿಂದ ಪ್ರತಿಯೊಂದು ಗೂಡಿನಿಂದಲೂ ಕೆಲವು ಮಾದರಿಗಳನ್ನು ಒಣಗಿಸಿ ಕಾಗದದ ತುದಿಗೆ ಅಂಟಿಸಿ, ಕೆಲವನ್ನು ಮದ್ಯಸಾರದಲ್ಲಿಯೇ ಉಳಿಸಿಕೊಳ್ಳುವುದು ಸಂಗ್ರಾಹಕನಿಗೆ ವಿಹಿತ.