ಬಿಯರಿನ ಕಸುವಿಗೆ ಅಳತೆ ಬಂದ ಬಗೆ

ಹದಿನೆಂಟನೆಯ ಶತಮಾನದ ನಡುವಿನವರೆಗೂ ಇಂಗ್ಲೆಂಡಿನ ಬಿಯರ್ ತಯಾರಕರಿಗೆ ನಾಲಿಗೆಯೇ ಅಳತೆಗೋಲು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ಬಿಸಿನೀರಿನಲ್ಲಿ ನೆನೆದಾಗ ಬರುವ ಸಿಹಿ ರಸವೇ ವರ್ಟ್. ಅದರ ಸಕ್ಕರೆಯನ್ನು ಯೀಸ್ಟ್ ತಿಂದಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಬಿಯರಿನಲ್ಲಿ ಕಸುವಿಲ್ಲದಿದ್ದರೆ ತಪ್ಪಿದ್ದು ರಸ ತೆಗೆಯುವಾಗಲೋ ಹುದುಗುವಾಗಲೋ ಎಂದು ತಿಳಿಯುವ ದಾರಿ ಇರಲಿಲ್ಲ. ಮಾಲ್ಟ್ ಮಾರಿದವನನ್ನೋ ಹವೆಯನ್ನೋ ದೂರಬಹುದಿತ್ತು, ಅಷ್ಟೆ.

ಮೊದಲು ಬಂದದ್ದು ಥರ್ಮಾಮೀಟರ್. ಮೈಕೇಲ್ ಕಾಂಬ್ರೂನ್ 1762ರ ತನ್ನ ಪುಸ್ತಕದಲ್ಲಿ ಅದರ ಬಳಕೆಯನ್ನು ಪ್ರತಿಪಾದಿಸಿದ. ಹ್ಯಾಂಪ್‌ಶೈರಿನ ಆಲ್ಟನ್ ಊರಿನ ಜೇಮ್ಸ್ ಬೇವರ್‌ಸ್ಟಾಕ್ ಸುಮಾರು ಅದೇ ದಶಕದ ಕೊನೆಗೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ವರ್ಟಿನಲ್ಲಿ ತೇಲಿಬಿಟ್ಟ. ರಸ ಗಟ್ಟಿಯಾದಷ್ಟೂ ಉಪಕರಣ ಮೇಲೆ ತೇಲುತ್ತದೆ. ತಂದೆಗೆ ಇದು ಸರಿಬೀಳದೆ ಮಗ ಕದ್ದುಮುಚ್ಚಿ ಪ್ರಯೋಗ ನಡೆಸಿದನಂತೆ. ಲಂಡನ್ನಿನ ದೊಡ್ಡ ತಯಾರಕ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಅವನನ್ನು ಬರಿಗೈಲಿ ಕಳಿಸಿದ; ಸೌತ್‌ವರ್ಕ್‌ನ ಹೆನ್ರಿ ಥ್ರೇಲ್ ಆಸಕ್ತಿ ತೋರಿದ.

ಈ ಅಳತೆಯನ್ನು ಲೆಕ್ಕಶಾಸ್ತ್ರವಾಗಿಸಿದವನು ಹಲ್ ನಗರದ ಜಾನ್ ರಿಚರ್ಡ್‌ಸನ್. ಸ್ಯಾಕರೋಮೀಟರ್, ಅಂದರೆ ವರ್ಟಿಗೆಂದೇ ಹೊಂದಿಸಿದ ಹೈಡ್ರೋಮೀಟರ್, ಕುರಿತ ಅವನ ಗ್ರಂಥ ಬಂದದ್ದು 1784ರಲ್ಲಿ. ಉಪಕರಣ ಹೊರಗೆಡವಿದ ಸತ್ಯ ತಯಾರಕರಿಗೆ ಕಹಿಯಾಗಿತ್ತು. ಪೋರ್ಟರ್ ಎಂಬ ಕಪ್ಪು ಬಿಯರಿಗೆ ಬಳಸುತ್ತಿದ್ದ ಕಂದು ಮಾಲ್ಟ್ ಅಗ್ಗವೆನಿಸಿದರೂ ತೆಳು ಬಣ್ಣದ ಮಾಲ್ಟಿಗಿಂತ ಕಡಿಮೆ ಸಾರ ಕೊಡುತ್ತಿತ್ತು. ಜೋರು ಉರಿಯಲ್ಲಿ ಒಣಗಿದ್ದರ ಫಲ ಅದು. ತಯಾರಕರು ಹೆಚ್ಚು ಹೆಚ್ಚಾಗಿ ತೆಳು ಮಾಲ್ಟಿಗೆ ತಿರುಗಿದರು, ಪೋರ್ಟರಿನ ಕಪ್ಪು ಬಣ್ಣ ತಿಳಿಯಾಯಿತು. 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟ್ ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ ಮೇಲೆ ಚಿಟಿಕೆಯಷ್ಟು ಕರಿ ಮಾಲ್ಟಿನಿಂದ ಬಣ್ಣ ಮರಳಿತು.

ಹುದುಗುವಿಕೆಯ ಗುಟ್ಟು ಬಿಚ್ಚಿಕೊಳ್ಳಲು ಇನ್ನೂ ಕಾಲ ಹಿಡಿಯಿತು. ಬಿಯರ್ ಕುರಿತ ಪಾಶ್ಚರನ ಗ್ರಂಥ 1876ರದು. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ವಿಜ್ಞಾನಿ ಹ್ಯಾನ್ಸನ್ ಶುದ್ಧ ಯೀಸ್ಟ್ ತಳಿಯನ್ನು ಬೇರ್ಪಡಿಸಿ ಬೆಳೆಸಿದ್ದು 1883ರಲ್ಲಿ. ಹುದುಗುವಿಕೆ ಎಷ್ಟಾಯಿತೆಂಬುದನ್ನೂ ಹೈಡ್ರೋಮೀಟರ್ ಹೇಳುತ್ತದೆ: ನೀರಿಗೆ ಹೋಲಿಸಿದ ಮೊದಲ ಸಾಂದ್ರತೆಯಿಂದ ಕೊನೆಯದನ್ನು ಕಳೆದು ಸುಮಾರು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಅಂದಾಜು ಸಿಗುತ್ತದೆ. 1.050ರಲ್ಲಿ ಶುರುವಾಗಿ 1.010ಕ್ಕೆ ಇಳಿದ ಬಿಯರಿನಲ್ಲಿ ಶೇ. 5.2, 1.020ರಲ್ಲೇ ನಿಂತರೆ ಶೇ. 4 ಕೂಡ ಇಲ್ಲ. ಹಾಗೆ ನಿಲ್ಲಲು ಯೀಸ್ಟ್ ಸೊರಗಿರಬಹುದು, ಇಲ್ಲವೇ ಮಾಲ್ಟನ್ನು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ನೆನೆಸಿದ್ದರಿಂದ ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್ ಹೆಚ್ಚಿರಬಹುದು.

ತೆರಿಗೆಯವರೂ ಇದೇ ಅಳತೆಗೆ ಬಂದರು. ಬ್ರಿಟನ್ನಿನ ಪ್ರಧಾನಿ ಗ್ಲಾಡ್‌ಸ್ಟನ್ 1880ರಲ್ಲಿ ಮಾಲ್ಟ್ ಮೇಲಿನ ಸುಂಕ ತೆಗೆದು, ವರ್ಟಿನ ಮೊದಲ ಸಾಂದ್ರತೆಯ ಮೇಲೆ ಸುಂಕ ಹೇರಿದ. ಮನೆಯಲ್ಲಿ ಬಿಯರ್ ಮಾಡಲೂ ಪರವಾನಗಿ ಬೇಕಾಯಿತು. ಅದನ್ನು 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೋಡ್ಲಿಂಗ್ ರದ್ದುಮಾಡಿದ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆ ಮನೆಬಿಯರಿಗೆ ದಾರಿಮಾಡಿತು.

ಅಲ್ಲಿಂದೀಚೆಗೆ ಹೈಡ್ರೋಮೀಟರ್ ಅಡುಗೆಮನೆ ಸೇರಿದೆ, ಜೊತೆಗೆ ಹೊಸ ತಪ್ಪುಗಳೂ. ಬಿಸಿ ವರ್ಟ್ ತೆಳುವಾಗಿ ತೋರುತ್ತದೆ. ಉಪಕರಣದ ಗುರುತುಗಳು ಸಾಮಾನ್ಯವಾಗಿ 15.6 ಅಥವಾ 20 ಡಿಗ್ರಿಗೆ ಹೊಂದಿಸಿದವು. ಗಟ್ಟಿ ಮಾಲ್ಟ್ ಪಾಕಕ್ಕೆ ನೀರು ಬೆರೆಸುವವರು ಸರಿಯಾಗಿ ಕಲಕದೆ ಮೇಲಿನ ನೀರನ್ನೇ ಅಳೆದು ಮೋಸಹೋಗುವುದುಂಟು. ಆಗ ಕಸುವು ಕಡಿಮೆಯಾಗಿರುವುದು ಲೆಕ್ಕದಲ್ಲಿ, ಬಿಯರಿನಲ್ಲಲ್ಲ.